ಮಂಡಿಯ ಚಿತ್ರ

ಬೆಳಗಿನ ಮೊದಲ ಫಿಲ್ಮು ನಾರೆಮ್ಮನ ಬಲಮಂಡಿಯದು.
ಗುಡಿಬಂಡೆಯ ಸರ್ಕಾರಿ ಆಸ್ಪತ್ರೆ, ಎಕ್ಸ್‌ರೇ ಕೋಣೆ,
ಮೇಜು ಮಂಜಿನಂತಿದೆಯೆಂದು ಆಕೆ ಬೈದಳು.
ಹದಿನೆಂಟು ವರ್ಷದಿಂದ ಇಲ್ಲಿ ನಾನು ಜನರಿಗೆ
ಉಸಿರು ಬಿಗಿಹಿಡಿಯಿರಿ ಎನ್ನುತ್ತ ಬಂದಿದ್ದೇನೆ.
ಮಂಡಿಗೆ ಉಸಿರಿನ ಹಂಗಿಲ್ಲ; ಆದರೂ ಆಕೆ ಹಿಡಿದಳು.
"ಒಳಗಿಂದು ಕಾಣ್ತದೇನಪ್ಪ?"
ಕಾಣ್ತದವ್ವ. ಚಿಪ್ಪು ಸವೆದಿದೆ, ಸಂದು ಮುಚ್ಚಿದೆ,
ಐವತ್ತು ಮುಂಗಾರು ಕುಕ್ಕರುಗಾಲಲ್ಲಿ ಕಳೆ ಕಿತ್ತ ಲೆಕ್ಕ
ಬೆಳ್ಳಗೆ ಬರೆದಿಟ್ಟಿದೆ.

ಮಧ್ಯಾಹ್ನ ಕೊನೆಗೆ ಬಂದವನು ರೋಗಿಯಲ್ಲ.
ನೀಲುಗಲ್ಲು ಗುಟ್ಟೆಯ ಬುಡದಲ್ಲಿ ಅಗೆಯುತ್ತಿರುವ ಹುಡುಗ,
ಉಗುರಿನಲ್ಲಿ ಮಣ್ಣು, ಕಂಕುಳಲ್ಲಿ ಶೂ ಡಬ್ಬಿ,
ಹತ್ತಿಯಲ್ಲಿ ಸುತ್ತಿದ ಕಾಲಿನ ಮೂಳೆಗಳು.
ಡಾಕ್ಟರ ಚೀಟಿ ತಂದಿದ್ದ.
ಹೆಸರಿನ ಜಾಗದಲ್ಲಿ ಗೆರೆ ಎಳೆದೆ.
ವಯಸ್ಸು, ಅವನು ಹೇಳಿದಂತೆ, ಮೂವತ್ತು;
ಮೇಲೆ ನಾಲ್ಕು ಸಾವಿರ ಎಂದು ಸೇರಿಸಿ
ಇಬ್ಬರೂ ನಕ್ಕೆವು.

ಬೆಳಕಿನ ಪೆಟ್ಟಿಗೆಗೆ ಎರಡನ್ನೂ ಸಿಕ್ಕಿಸಿದೆ.
ಅದೇ ಸವೆತ. ಅದೇ ಮಗ್ಗುಲು.
ಹೆಬ್ಬೆರಳ ಗೆಣ್ಣು ಮಡಚಿ ಮಡಚಿ ಚಪ್ಪಟೆಯಾಗಿತ್ತು:
ಅರೆಗಲ್ಲಿನ ಮುಂದೆ ಮಂಡಿಯೂರಿ
ತಳ್ಳಿ, ಎಳೆದು, ತಳ್ಳಿ, ಎಳೆದು
ದಿನಕ್ಕೊಂದು ಮೊರ ಕೊರಲೆ.
ರಾಗಿ ಇನ್ನೂ ಈ ಸೀಮೆಯ ದಾರಿ ಕಂಡಿರಲಿಲ್ಲವಂತೆ.
"ಇವಳ ಮುತ್ತಜ್ಜಿಯ ಮುತ್ತಜ್ಜಿ ಸಿಕ್ಕಿದ್ದರೆ" ಅಂದ ಹುಡುಗ,
"ಮಂಡಿ ಗಟ್ಟಿ ಇರೋದು ಸಾರ್. ಪಾದ ಸವೆದಿರೋದು."

ಪಾದ ಸವೆಸಿದವಳನ್ನು ನೆನೆದೆ.
ಗೆಡ್ಡೆ ಅಗೆಯುವ ಕೋಲು, ಸೊಂಟದಲ್ಲಿ ಒಂದೇ ಕೂಸು;
ಅದು ಓಡುವ ತನಕ ಇನ್ನೊಂದನ್ನು ಹೊರಲಾರಳು.
ಸತ್ತವರನ್ನು ಸತ್ತಲ್ಲೇ ಬಿಟ್ಟು, ಮೇಲೊಂದು ಕಲ್ಲಿಟ್ಟು
ಕಾರೆಹಣ್ಣು ಮಾಗಿದ ದಿಕ್ಕಿಗೆ ನಡೆದಳು.
ಹಸಿದರೆ ಎಲ್ಲರೂ ಹಸಿದರು,
ಜಿಂಕೆ ಬಿದ್ದರೆ ಎಲ್ಲರ ತುಟಿಯಲ್ಲೂ ಜಿಡ್ಡು.
ನಾಳೆ ಎಂಬುದು ಗುಟ್ಟೆಯ ಆಚೆ ಮಗ್ಗುಲಲ್ಲಿತ್ತು,
ಅಲ್ಲಿಗೆ ಹೋದಾಗ ನೋಡಿಕೊಂಡರಾಯಿತು.

ಆಮೇಲೊಂದು ಬೇಸಗೆ
ಮಡಕೆಯಲ್ಲಿ ಎರಡೇ ಹಿಡಿ ಹುರುಳಿ ಉಳಿದು
ಮಗು ಅಳುತ್ತಿದ್ದಾಗ, ಯಾರೋ ಒಬ್ಬಳು
ಮಡಕೆಯ ಬಾಯಿಗೆ ಮಣ್ಣು ಮೆತ್ತಿದಳು.
ಇದು ತಿನ್ನೋದಲ್ಲ, ಬಿತ್ತೋದು.
ಯಾವ ನುಡಿಯಲ್ಲಿ ಆಡಿದಳೋ ಆ ಮಾತನ್ನು,
ಅವಳ ತಾಯಿ ಅವಳಿಗೆ ಆಡಿರದ ಮಾತು.
ಮಗು ಉಳಿಯಿತೋ ಇಲ್ಲವೋ ತಿಳಿಯದು.
ಹುರುಳಿ ಉಳಿಯಿತು.

ಹುರುಳಿಯ ಹಿಂದೆ ಇಲಿ ಬಂತು, ಇಲಿಯ ಹಿಂದೆ ಹಾವು,
ಬೇಲಿ ಬಂತು, ಬೇಲಿಯಾಚೆ ನಿಂತು ನೋಡುವವನೂ ಬಂದ.
ವರ್ಷಕ್ಕೊಂದು ಬಾಣಂತನ.
ಗುಡಿಸಲ ನೆಲ ಅಗೆದರೆ ಗಡಿಗೆಗಳು ಸಿಗುತ್ತವೆ,
ಕಾಳಿರಬಹುದೆಂದು ಬಗ್ಗಿ ನೋಡಿದರೆ ಎಳೆ ಮೂಳೆ
ಎಂದ ಹುಡುಗ, ಶೂ ಡಬ್ಬಿಗೆ ಮುಚ್ಚಳ ಹಾಕುತ್ತ.
ಒಲೆಯ ಪಕ್ಕದಲ್ಲೇ ಹೂತಿದ್ದಾರೆ,
ಬೆಚ್ಚಗಿರಲೆಂದೋ ಏನೋ.
ಇನ್ನು ಬಿಟ್ಟು ನಡೆಯುವುದು ಹೇಗೆ?
ಕೂಸಿನ ಮೇಲೆ ಮನೆ, ಮನೆಯ ಸುತ್ತ ಹೊಲ.
ಊರು ಅನ್ನುತ್ತೇವಲ್ಲ, ಇದೇ ಇರಬೇಕು:
ಬೀಜ ಊರಿದ್ದು, ಮಂಡಿ ಊರಿದ್ದು,
ಆಮೇಲೆ ಏಳಲಾಗದ್ದು.

ಸಂಜೆ ಬೀಗ ಹಾಕಿ ಬಂದರೆ
ನಾರೆಮ್ಮ ಇನ್ನೂ ಕಾಂಪೌಂಡಿನಲ್ಲಿ.
ಬಸ್ಸು ತಪ್ಪಿತೇನವ್ವ ಎಂದೆ. ಹೋಗಲಿ ಬಿಡು ಎಂಬಂತೆ ಕೈ ಆಡಿಸಿದಳು.
ಗೋಡೆಯ ಬುಡದಲ್ಲಿ ಯಾರೂ ಬಿತ್ತದ ಗೋಣಿಸೊಪ್ಪು, ಅಣ್ಣೆ, ದೊಗ್ಗರಿ.
ಹೊಲದಲ್ಲಿ ಬೇರುಸಮೇತ ಕಿತ್ತೆಸೆಯುವುದನ್ನೇ
ಇಲ್ಲಿ ಕುಡಿ ನೋಡಿ ನೋಡಿ ಚಿವುಟಿ
ಮಡಿಲಿಗೆ ಹಾಕುತ್ತಿದ್ದಳು,
ಎಡಗೈಯಲ್ಲಿ ಫಿಲ್ಮಿನ ಕವರು,
ಮಂಡಿ ಮಡಚದೆ, ಸೊಂಟ ಬಾಗಿಸಿ,
ಒಂದು ಗಿಡದಿಂದ ಇನ್ನೊಂದಕ್ಕೆ ನಡೆಯುತ್ತ.

"ಇದ್ಯಾರದೂ ಅಲ್ವಲ್ಲ ಸಾಮಿ?"

ಯಾರದೂ ಅಲ್ಲ ಎಂದೆ.
ನನ್ನ ಊಟದ ಡಬ್ಬಿಗೂ ಒಂದು ಹಿಡಿ ತುರುಕಿ
"ಮನೇಲಿ ಹುರುಳಿ ಇದ್ರೆ ಹಾಕಿ ಬಸ್ಸಾರು ಮಾಡ್ಸು" ಅಂದಳು.